ಎರವಲು ಪೆಟ್ಟಿಗೆ ಮರಳಿ ಬರುವ ದಿನಕ್ಕೂ ಹಣ ಇಡಿ: ಮೂರು ಇಲಾಖೆಗಳಿಗೆ ಬಹಿರಂಗ ಪತ್ರ

ಇವರಿಗೆ,
ಆಯುಕ್ತರು, ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆ
ಆಯುಕ್ತರು, ಶಾಲಾ ಶಿಕ್ಷಣ ಇಲಾಖೆ
ಮುಖ್ಯ ವನ್ಯಜೀವಿ ಪರಿಪಾಲಕರು, ಕರ್ನಾಟಕ ಅರಣ್ಯ ಇಲಾಖೆ

ವಿಷಯ: ಬೆಂಗಳೂರಿನ ಶಾಲೆಗಳಿಗೆ ಸಂಗ್ರಹಾಲಯದಿಂದ ಎರವಲು ಪೆಟ್ಟಿಗೆಗಳನ್ನು ಒದಗಿಸುವ ಕುರಿತು

ಮಾನ್ಯರೇ,

ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯ ಶುರುವಾದದ್ದು 1865ರಲ್ಲಿ, ಈಗಿನ ಕೆಂಪು ಕಟ್ಟಡ 1877ರದ್ದು. ಬೇಗೂರಿನ ದೊಡ್ಡ ವೀರಗಲ್ಲು ಅಲ್ಲಿದೆ, ಆತಕೂರಿನ ಶಾಸನವೂ ಅಲ್ಲಿದೆ. ಆದರೆ ಆನೇಕಲ್ಲಿನ ಅಥವಾ ಹೆಸರಘಟ್ಟದ ಸರ್ಕಾರಿ ಶಾಲೆಯ ಆರನೇ ತರಗತಿಯ ಮಗು ಇವನ್ನು ನೋಡಬೇಕಾದರೆ ಬಸ್ಸು ಗೊತ್ತುಮಾಡಬೇಕು, ಪೋಷಕರ ಒಪ್ಪಿಗೆ ಬೇಕು, ಒಂದು ಇಡೀ ದಿನ ಬೇಕು. ಇಷ್ಟೆಲ್ಲ ಮಾಡಿ ಬಂದರೂ ಸಾಲಿನಲ್ಲಿ ನಡೆಯುತ್ತ ನೋಡಿ ಹೋಗುವುದೇ ಆಗುತ್ತದೆ. ಕಲ್ಲನ್ನು ಮುಟ್ಟುವ ಹಾಗಿಲ್ಲ, ಮುಟ್ಟಬಾರದೆನ್ನುವುದೂ ಸರಿಯೇ. ಆದ್ದರಿಂದ ಮುಟ್ಟಲೆಂದೇ ಮಾಡಿದ ಪ್ರತಿಕೃತಿಗಳು ಪೆಟ್ಟಿಗೆಯಲ್ಲಿ ಶಾಲೆಗೇ ಹೋಗಿ, ಎರಡು ವಾರ ಅಲ್ಲಿದ್ದು, ಮರಳಿ ಬರಬೇಕು ಎಂಬುದು ನಮ್ಮ ಕೋರಿಕೆ.

ಇದು ಹೊಸ ಯೋಚನೆಯಲ್ಲ. ಷಿಕಾಗೊದ ಫೀಲ್ಡ್ ಮ್ಯೂಸಿಯಂ ನೂರು ವರ್ಷಕ್ಕೂ ಹಿಂದೆಯೇ ನಗರದ ಶಾಲೆಗಳಿಗೆ ಪೆಟ್ಟಿಗೆಗಳನ್ನು ಎರವಲು ಕೊಡಲು ಶುರುಮಾಡಿತು, ಇಂದಿಗೂ ಕೊಡುತ್ತಿದೆ. ಮುಂಬೈಯ ಛತ್ರಪತಿ ಶಿವಾಜಿ ಮಹಾರಾಜ್ ವಸ್ತು ಸಂಗ್ರಹಾಲಯ 2015ರಿಂದ ಬಸ್ಸಿನಲ್ಲೇ ಸಂಗ್ರಹಾಲಯವನ್ನು ಹೊತ್ತು ಊರೂರು ತಿರುಗಿಸುತ್ತಿದೆ. ಬಸ್ಸು ಒಳ್ಳೆಯದೇ. ಆದರೆ ಅದು ಬಂದ ದಿನವೇ ಹೊರಡುತ್ತದೆ. ಪೆಟ್ಟಿಗೆ ತರಗತಿಯಲ್ಲೇ ಉಳಿಯುತ್ತದೆ, ಸೋಮವಾರ ಅರ್ಥವಾಗದ್ದನ್ನು ಮಗು ಗುರುವಾರ ಮತ್ತೆ ಕೈಗೆತ್ತಿಕೊಳ್ಳಬಹುದು.

ಇಂಥ ಯೋಜನೆಗಳು ಎಲ್ಲಿ ಕೆಡುತ್ತವೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇವೆ. ಪೆಟ್ಟಿಗೆ ಮಾಡಿಸುವುದಕ್ಕೆ ಅನುದಾನ ಸಿಗುತ್ತದೆ, ಉದ್ಘಾಟನೆ ಆಗುತ್ತದೆ, ಮೊದಲ ಸುತ್ತು ಚೆನ್ನಾಗಿಯೇ ನಡೆಯುತ್ತದೆ. ಮರಳಿ ಬಂದ ಪೆಟ್ಟಿಗೆಯನ್ನು ತೆರೆದು ಎಣಿಸಿ, ಒರೆಸಿ, ಮುರಿದದ್ದನ್ನು ಅಂಟಿಸಿ, ಮುಗಿದದ್ದನ್ನು ತುಂಬಿಸುವ ಆಳು ಇರುವುದಿಲ್ಲ. ಎರಡನೇ ಶಾಲೆಗೆ ಅರ್ಧ ಪೆಟ್ಟಿಗೆ ಹೋಗುತ್ತದೆ, ಮೂರನೇ ಶಾಲೆ ತೆಗೆದುಕೊಳ್ಳುವುದೇ ಇಲ್ಲ. ಪೆಟ್ಟಿಗೆ ಹೊರಡುವ ದಿನಕ್ಕಿಂತ ಮರಳಿ ಬರುವ ದಿನಕ್ಕೆ ಹಣ ಮತ್ತು ಆಳನ್ನು ಇಡಿ ಎಂಬುದೇ ಈ ಪತ್ರದ ತಿರುಳು. ಉಳಿದ ವಿವರಗಳೆಲ್ಲ ಅದಕ್ಕೆ ಪೂರಕ.

ಲೆಕ್ಕ ದೊಡ್ಡದೇನಲ್ಲ. ಎರಡು ವಾರ ಶಾಲೆಯಲ್ಲಿ, ಒಂದು ವಾರ ಸಾಗಣೆ ಮತ್ತು ತಪಾಸಣೆಗೆ, ಒಟ್ಟು ಮೂರು ವಾರಕ್ಕೆ ಒಂದು ಸುತ್ತು. ಜೂನ್ ನಡುವಿನಿಂದ ಫೆಬ್ರವರಿ ನಡುವಿನವರೆಗೆ, ದಸರಾ ರಜೆ ಕಳೆದರೆ, ಒಂದು ಪೆಟ್ಟಿಗೆಗೆ 10 ಸುತ್ತು ಆರಾಮವಾಗಿ ಸಿಗುತ್ತವೆ. 10 ಪೆಟ್ಟಿಗೆಗಳಿದ್ದರೆ ವರ್ಷಕ್ಕೆ 100 ಶಾಲೆ. ಮರಳಿದ ಒಂದು ಪೆಟ್ಟಿಗೆಯ ತಪಾಸಣೆ ಒಬ್ಬರಿಗೆ ಹೆಚ್ಚುಕಡಿಮೆ ಅರ್ಧ ದಿನದ ಕೆಲಸ. ಹತ್ತೂ ಪೆಟ್ಟಿಗೆಗಳನ್ನು ಒಂದೇ ವಾರ ಬರಮಾಡಿಕೊಳ್ಳದೆ ಮೂರು ತಂಡಗಳಾಗಿ ಹಂಚಿಕೊಂಡರೆ ವಾರಕ್ಕೆ ಮೂರು ನಾಲ್ಕು ಪೆಟ್ಟಿಗೆಗಳಷ್ಟೇ ಬರುತ್ತವೆ. ಅಂದರೆ ಒಬ್ಬ ನೌಕರರ ವಾರದ ಎರಡು ದಿನ, ಒಂದು ಉದ್ದನೆಯ ಮೇಜು, ಬೀಗ ಹಾಕಬಹುದಾದ ಒಂದು ಕಪಾಟು. ಇಷ್ಟನ್ನು ಆದೇಶದಲ್ಲಿ ಬರೆದು ಕೊಡದಿದ್ದರೆ ಪೆಟ್ಟಿಗೆಗಳನ್ನು ಮಾಡಿಸುವುದೇ ಬೇಡ ಎಂದು ನಾವು ನೇರವಾಗಿ ಹೇಳುತ್ತೇವೆ.

ಇನ್ನು ಪೆಟ್ಟಿಗೆಯ ವಿಷಯ. ಒಬ್ಬರು ಎತ್ತಿ ಆಟೊದಲ್ಲಿ ಇಡುವಂತಿರಬೇಕು, ತುಂಬಿದ ಮೇಲೂ 10 ಕಿಲೋ ದಾಟಬಾರದು. 60 ಸೆಂ.ಮೀ. ಉದ್ದ, 40 ಅಗಲ, 25 ಎತ್ತರ ಸಾಕು. ಇದನ್ನು 9 ಮಿ.ಮೀ. ಪ್ಲೈವುಡ್‌ನಲ್ಲಿ ಮಾಡಿದರೆ ಖಾಲಿ ಪೆಟ್ಟಿಗೆಯೇ ಆರು ಕಿಲೋ ಹತ್ತಿರ ತೂಗುತ್ತದೆ, ಒಳಗೆ ಇಡಲು ನಾಲ್ಕು ಕಿಲೋ ಮಾತ್ರ ಉಳಿಯುತ್ತದೆ. 6 ಮಿ.ಮೀ. ಪ್ಲೈವುಡ್‌ಗೆ ಅಲ್ಯೂಮಿನಿಯಂ ಮೂಲೆಪಟ್ಟಿ ಹಾಕಿದರೆ ನಾಲ್ಕೂವರೆ ಕಿಲೋದೊಳಗೆ ಮುಗಿಯುತ್ತದೆ. ಹಿಡಿಕೆ ಎರಡೂ ಬದಿಗೆ ಇರಲಿ. ಮೇಲೊಂದೇ ಹಿಡಿಕೆ ಇದ್ದರೆ ಎಲ್ಲ ಭಾರವೂ ಮುಚ್ಚಳದ ತಿರುಗಣಿಗೆ ಬಿದ್ದು ಮೊದಲ ವರ್ಷದಲ್ಲೇ ಕಿತ್ತುಬರುತ್ತದೆ.

ಒಳಗೆ ಥರ್ಮೋಕೋಲ್ ಬೇಡ, ಅದು ಕಾಳು ಕಾಳಾಗಿ ಉದುರುತ್ತದೆ. ಹಳದಿ ಸ್ಪಂಜೂ ಬೇಡ, ನಾಲ್ಕೈದು ಮಳೆಗಾಲ ಕಳೆಯುವಷ್ಟರಲ್ಲಿ ಅಂಟಂಟಾಗಿ ಪುಡಿಯಾಗುತ್ತದೆ. ಪ್ಯಾಕಿಂಗ್ ಅಂಗಡಿಗಳಲ್ಲಿ ಸಿಗುವ ಗಟ್ಟಿಯಾದ ಇಪಿಇ ಫೋಮ್ ಹಾಳೆಯನ್ನು ಒಂದೊಂದು ವಸ್ತುವಿನ ಆಕಾರಕ್ಕೂ ಕತ್ತರಿಸಿ ಗೂಡು ಮಾಡಬೇಕು. ಪ್ರತಿ ಗೂಡಿನ ತಳಕ್ಕೆ ಕೆಂಪು ಹಾಳೆ ಅಂಟಿಸಿ, ವಸ್ತುವಿಗೂ ಗೂಡಿಗೂ ಒಂದೇ ಸಂಖ್ಯೆ ಬರೆಯಬೇಕು. ಆಗ ಪಟ್ಟಿ ಓದುವ ಅಗತ್ಯವೇ ಬೀಳುವುದಿಲ್ಲ. ಮುಚ್ಚಳ ಹಾಕುವ ಮುನ್ನ ಎಲ್ಲಿ ಕೆಂಪು ಕಾಣುತ್ತದೋ ಅಲ್ಲಿನದು ಬಂದಿಲ್ಲ, ನಾಲ್ಕನೇ ತರಗತಿಯ ಮಗುವೂ ಕಂಡುಹಿಡಿಯುತ್ತದೆ. ಸಂಖ್ಯೆ ಬರೆಯಲು ವಸ್ತುವಿನ ಹಿಂಬದಿಗೆ ಒಂದು ಚುಕ್ಕೆ ಬಿಳಿ ಬಣ್ಣ, ಅದರ ಮೇಲೆ ಕಪ್ಪು ಇಂಡಿಯನ್ ಇಂಕು, ಮೇಲೊಂದು ಪದರ ಬಣ್ಣವಿಲ್ಲದ ನೈಲ್ ಪಾಲಿಶ್ ಸಾಕು. ಸ್ಟಿಕ್ಕರ್ ಅಂಟಿಸಿದರೆ ಮಕ್ಕಳ ಉಗುರು ನಿಲ್ಲುವುದಿಲ್ಲ.

ಪ್ರತಿಯೊಂದು ವಸ್ತುವೂ ಒಂದೊಂದೇ ಇರುವ ಪೆಟ್ಟಿಗೆ ತರಗತಿಗೆ ಉಪಯೋಗಕ್ಕೆ ಬರುವುದಿಲ್ಲ. 40 ಮಕ್ಕಳು, 40 ನಿಮಿಷದ ಅವಧಿ, ಒಂದೇ ವಸ್ತು ಎಂದರೆ ತಲೆಗೆ ಒಂದು ನಿಮಿಷ, ಉಳಿದ 39 ನಿಮಿಷ ಗದ್ದಲ. ಐದೈದು ಮಕ್ಕಳ ಎಂಟು ಗುಂಪುಗಳಿಗೆ ಮುಖ್ಯ ವಸ್ತುವಿನ ಎಂಟು ಪ್ರತಿಗಳಿರಲಿ. ಬಗೆ ಕಡಿಮೆಯಾದರೂ ಪ್ರತಿಗಳು ಕಡಿಮೆಯಾಗಬಾರದು.

ಮೊದಲಿಗೆ ಮೂರು ಬಗೆಯ ಪೆಟ್ಟಿಗೆಗಳನ್ನು ಸೂಚಿಸುತ್ತೇವೆ: ಶಾಸನದ ಪೆಟ್ಟಿಗೆ, ಕಾಡಿನ ಪೆಟ್ಟಿಗೆ, ಕೆರೆಯ ಪೆಟ್ಟಿಗೆ.

ಶಾಸನದ ಪೆಟ್ಟಿಗೆಗೆ ಬೆಂಗಳೂರಿನಷ್ಟು ಅನುಕೂಲವಾದ ಊರು ಇನ್ನೊಂದಿಲ್ಲ. ಹೆಬ್ಬಾಳದಲ್ಲಿ 2018ರಲ್ಲಿ ಸಿಕ್ಕ ಕಿತ್ತಯ್ಯನ ವೀರಗಲ್ಲು ಸುಮಾರು 750ರ ಕಾಲದ್ದು. ಬೇಗೂರಿನ ನಾಗೇಶ್ವರ ದೇವಸ್ಥಾನದ ಕಲ್ಲು 'ಬೆಂಗಳೂರು ಕಾಳಗ'ವನ್ನು ಹೆಸರಿಸುತ್ತದೆ, ಅದು ಒಂಬತ್ತನೇ ಶತಮಾನದ ಕೊನೆಯದು. ಕೆಂಪೇಗೌಡರು 1537ರಲ್ಲಿ ಪೇಟೆ ಕಟ್ಟುವುದಕ್ಕೆ ಆರು ಶತಮಾನ ಮೊದಲೇ ಈ ಹೆಸರು ಕಲ್ಲಿನ ಮೇಲಿತ್ತು ಎಂಬುದನ್ನು ಮಗು ಬೆರಳಾಡಿಸಿ ತಿಳಿಯಬಹುದು. ಇತಿಹಾಸ ಸಂಶೋಧನೆಯ ಸಂಸ್ಥೆಯಾದ ಮಿಥಿಕ್ ಸೊಸೈಟಿಯವರು ಬೆಂಗಳೂರು ಸುತ್ತಲಿನ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿದ್ದಾರೆ. ಕಲ್ಲಿನ ಮೇಲೆ ಸಿಲಿಕೋನ್ ಸುರಿದು ಅಚ್ಚು ತೆಗೆಯುವ ಹಳೆಯ ದಾರಿಗೆ ಇಲಾಖೆ ಹೋಗಬಾರದು, ಸಿಲಿಕೋನಿನ ಎಣ್ಣೆ ಕಲ್ಲಿನೊಳಗೆ ಇಳಿದು ಕಲೆಯಾಗುತ್ತದೆ. ಸ್ಕ್ಯಾನಿನಿಂದ 3ಡಿ ಪ್ರಿಂಟರಿನಲ್ಲಿ ಪ್ಲಾಸ್ಟಿಕ್ ಪ್ರತಿಯನ್ನು ಮುದ್ರಿಸಿದರೆ ಮೂಲಕ್ಕೆ ಕೈಯೇ ತಾಗುವುದಿಲ್ಲ.

ಮುದ್ರಣದಲ್ಲಿ ಎರಡು ತಪ್ಪುಗಳು ಸಾಮಾನ್ಯ. ಇಡೀ ಕಲ್ಲನ್ನು ಐದನೇ ಒಂದು ಭಾಗಕ್ಕೆ ಕುಗ್ಗಿಸಿದರೆ ಅಕ್ಷರದ ಆಳವೂ ಐದನೇ ಒಂದು ಭಾಗವಾಗುತ್ತದೆ, ಬೆರಳಿಗೆ ಏನೂ ಸಿಗುವುದಿಲ್ಲ. ಅದರ ಬದಲು ಕಲ್ಲಿನ ಒಂದು ತುಣುಕನ್ನು, 20 ಸೆಂ.ಮೀ. ಚೌಕದಷ್ಟನ್ನು, ಮೂಲದ ಅಳತೆಯಲ್ಲೇ ಹಲಗೆಯಾಗಿ ತೆಗೆಯಬೇಕು. ಹಿಂಭಾಗ ಪೊಳ್ಳಾಗಿದ್ದರೆ ಒಂದು ಹಲಗೆ 250 ಗ್ರಾಂ ಒಳಗಿರುತ್ತದೆ, ಎಂಟಕ್ಕೆ ಎರಡು ಕಿಲೋ. ಇನ್ನೊಂದು, ಅಗ್ಗವೆಂದು ಪಿಎಲ್‌ಎ ಎಂಬ ಪ್ಲಾಸ್ಟಿಕ್ ದಾರದಲ್ಲಿ ಮುದ್ರಿಸುವುದು. 60 ಡಿಗ್ರಿ ಹತ್ತಿರ ಅದು ಮೆತ್ತಗಾಗುತ್ತದೆ, ಏಪ್ರಿಲ್ ಬಿಸಿಲಲ್ಲಿ ನಿಂತ ವಾಹನದೊಳಗೆ ಹಲಗೆ ಹಪ್ಪಳದಂತೆ ಸೊಟ್ಟಗಾಗುತ್ತದೆ. ಪಿಇಟಿಜಿ ದಾರ ಸ್ವಲ್ಪ ದುಬಾರಿಯಾದರೂ ಈ ಬಿಸಿಯನ್ನು ತಡೆದುಕೊಳ್ಳುತ್ತದೆ.

ಹಲಗೆಯಿಂದ ಮಾಡಿಸಬೇಕಾದ ಕೆಲಸ ಪಡಿಯಚ್ಚು. ಶಾಸನತಜ್ಞರು ಒದ್ದೆ ಕಾಗದವನ್ನು ಕಲ್ಲಿಗೆ ಹಾಸಿ, ಬಿರುಸು ಬ್ರಷ್ಷಿನಿಂದ ಬಡಿದು ಅಕ್ಷರದ ತಗ್ಗಿಗೆ ಇಳಿಸಿ, ಅರೆ ಒಣಗಿದ ಮೇಲೆ ಮಸಿಯ ಉಂಡೆ ಒತ್ತುತ್ತಾರೆ. ತರಗತಿಯಲ್ಲಿ ನೀರೂ ಮಸಿಯೂ ಬೇಡ. ತೆಳುವಾದ ಬಿಳಿ ಕಾಗದ, ಹೊದಿಕೆ ತೆಗೆದ ಕಪ್ಪು ಮೇಣದ ಕ್ರೇಯಾನ್, ಇಷ್ಟೇ ಸಾಕು. ಕ್ರೇಯಾನನ್ನು ಅಡ್ಡ ಮಲಗಿಸಿ ಹಗುರವಾಗಿ ಉಜ್ಜಿದರೆ ಹಿನ್ನೆಲೆ ಕಪ್ಪಾಗಿ ಅಕ್ಷರ ಬಿಳಿಯಾಗಿ ಏಳುತ್ತದೆ. ಡ್ರಾಯಿಂಗ್ ಹಾಳೆ ದಪ್ಪ, ಅದರಲ್ಲಿ ಏಳುವುದಿಲ್ಲ. ಕಾಗದ ಜರುಗಿದರೆ ಪ್ರತಿ ಅಕ್ಷರಕ್ಕೂ ನೆರಳು ಬಂದು ಎರಡೆರಡಾಗಿ ಕಾಣುತ್ತದೆ, ಆದ್ದರಿಂದ ಎರಡು ಅಂಚಿಗೆ ಟೇಪು ಹಾಕಿಸಿ. ಎಂಟನೇ ಶತಮಾನದ ಸಾಲನ್ನು ಪೂರ್ತಿ ಓದಿಸಲು ಹೋಗಬೇಡಿ. ಇಂದಿನ ರೂಪಕ್ಕೆ ಹತ್ತಿರವಿರುವ ನಾಲ್ಕೈದು ಅಕ್ಷರಗಳನ್ನು ಹುಡುಕಿ ಸುತ್ತು ಹಾಕುವ ಕೆಲಸ ಕೊಟ್ಟರೆ ಮಿಕ್ಕದ್ದರ ಬಗ್ಗೆ ಮಕ್ಕಳೇ ಕೇಳುತ್ತಾರೆ.

ಆತಕೂರಿನ ಶಾಸನದ ಒಂದು ಹಲಗೆ ಇರಲೇಬೇಕು. ಅದು 949ರ ಸುಮಾರಿನದು. ರಾಷ್ಟ್ರಕೂಟರು ಚೋಳರನ್ನು ತಕ್ಕೋಲದಲ್ಲಿ ಸೋಲಿಸಿದ್ದನ್ನು ಹೇಳುವ ಕಲ್ಲೇ ಮಣಲೆರ ಎಂಬ ವೀರನ ನಾಯಿ ಕಾಳಿಯ ಬಗ್ಗೆಯೂ ಹೇಳುತ್ತದೆ. ಕಾಡುಹಂದಿಯ ಜೊತೆ ಹೋರಾಡಿ ಎರಡೂ ಸತ್ತವು, ಆ ನಾಯಿಯ ನೆನಪಿಗೆ ಕಲ್ಲು ನಿಂತಿತು. ನಾಯಿಯೂ ಹಂದಿಯೂ ಎದುರೆದುರಾದ ಚಿತ್ರ ಕಲ್ಲಿನ ಮೇಲೇ ಇದೆ. ರಾಜರ ಯುದ್ಧ, ಹಳ್ಳಿಯ ಬೇಟೆ, ಅಂದಿನ ಕಾಡು ಮೂರನ್ನೂ ಒಂದೇ ಅವಧಿಯಲ್ಲಿ ಹೇಳಿಕೊಡಲು ಇದಕ್ಕಿಂತ ಒಳ್ಳೆಯ ಪಾಠೋಪಕರಣ ನಮಗೆ ಗೊತ್ತಿಲ್ಲ.

ನಾಣ್ಯಗಳ ವಿಷಯದಲ್ಲಿ ಎಚ್ಚರ ಬೇಕು. 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯ ಪ್ರಾಚ್ಯವಸ್ತು, ಅದನ್ನು ಪೆಟ್ಟಿಗೆಗೆ ಹಾಕುವ ಮಾತೇ ಇಲ್ಲ. ಪ್ರತಿಕೃತಿಯನ್ನು ರೆಸಿನ್‌ನಲ್ಲಿ ಮಾಡಿದರೆ ತೂಕವಿಲ್ಲದೆ ಗುಂಡಿಯಂತಿರುತ್ತದೆ. ತವರ ಬೆರೆತ ಬಿಳಿಲೋಹದಲ್ಲಿ ಎರಕ ಹೊಯ್ಯಿಸಿ, ಅಂಚಿನಲ್ಲಿ 'ಪ್ರತಿ' ಎಂದು ಅಚ್ಚೊತ್ತಿಸಿ. ಯಶವಂತಪುರದಲ್ಲಿ 1891ರಲ್ಲಿ ಸಿಕ್ಕಂಥ ರೋಮನ್ ಬೆಳ್ಳಿ ನಾಣ್ಯ, ಟಿಪ್ಪು ಕಾಲದ ಆನೆ ಮುದ್ರೆಯ ತಾಮ್ರದ ಕಾಸು, ಕಂಠೀರವ ನರಸರಾಜ ಒಡೆಯರ 'ಹಣ' ಎಂಬ ಚಿನ್ನದ ನಾಣ್ಯ, ಈ ಮೂರು ಸಾಕು. ಕಂಠೀರವ ಹಣ ಅಂಗಿಯ ಗುಂಡಿಗಿಂತ ಚಿಕ್ಕದು, ಬಿಡಿಯಾಗಿ ಕೊಟ್ಟರೆ ಮೊದಲ ಶಾಲೆಯಲ್ಲೇ ಕಳೆದುಹೋಗುತ್ತದೆ. ಅದನ್ನು ಪಾರದರ್ಶಕ ರೆಸಿನ್ ತುಂಡಿನೊಳಗೆ ಕೂರಿಸಿ. ಜೊತೆಗೆ ಕೊಡುವ ಮಸೂರ 5 ಪಟ್ಟಿನದಾಗಿರಲಿ. 10 ಪಟ್ಟಿನದನ್ನು ವಸ್ತುವಿನಿಂದ ಎರಡೂವರೆ ಸೆಂ.ಮೀ.ಯಲ್ಲಿ ಅಲುಗಾಡದೆ ಹಿಡಿಯಬೇಕು, ಮಕ್ಕಳಿಗೆ ಅದು ಕಷ್ಟ.

ಕಾಡಿನ ಪೆಟ್ಟಿಗೆಯ ಬಗ್ಗೆ ಅರಣ್ಯ ಇಲಾಖೆಗೆ ವಿಶೇಷ ಮನವಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಚರ್ಮ, ಕೊಂಬು, ಮೂಳೆ, ಹಲ್ಲು, ಉಗುರು, ಗರಿ, ಮೊಟ್ಟೆ, ಗೂಡು ಇವೆಲ್ಲವೂ ಒಂದೇ ವ್ಯಾಖ್ಯೆಯೊಳಗೆ ಬರುತ್ತವೆ. ಬಿದ್ದ ಗೀಜಗನ ಗೂಡನ್ನೋ ಜಿಂಕೆಯ ಉದುರಿದ ಕೊಂಬನ್ನೋ ಒಳ್ಳೆಯ ಮನಸ್ಸಿನಿಂದ ತಂದಿಟ್ಟ ಶಿಕ್ಷಕರೂ ತೊಂದರೆಗೆ ಸಿಕ್ಕಬಹುದು. ಪೆಟ್ಟಿಗೆಯಲ್ಲಿ ಏನಿರಬಹುದು ಎಂಬುದಕ್ಕೆ ಮುಖ್ಯ ವನ್ಯಜೀವಿ ಪರಿಪಾಲಕರ ಲಿಖಿತ ಅನುಮತಿ ಬೇಕು, ಅದರ ಪ್ರತಿಯನ್ನು ಮುಚ್ಚಳದ ಒಳಮೈಗೆ ಅಂಟಿಸಿರಬೇಕು. ಚಿರತೆಯ ತಲೆಬುರುಡೆಯಂಥವು ಇಲಾಖೆಯಲ್ಲಿರುವ ಮೂಲದಿಂದ ತೆಗೆದ ರೆಸಿನ್ ಎರಕಗಳಾಗಿರಲಿ.

ಆದರೆ ಬಹಳಷ್ಟನ್ನು ಅನುಮತಿಯ ಗೊಡವೆಯಿಲ್ಲದೆ ಕಲಿಸಬಹುದು. ಮೇಕೆಯ ದವಡೆ ಮಾಂಸದಂಗಡಿಯಲ್ಲಿ ಸಿಗುತ್ತದೆ. ಕೆಳದವಡೆಯ ಮುಂದೆ ಹಲ್ಲುಗಳ ಸಾಲಿದೆ, ಮೇಲ್ದವಡೆಯ ಮುಂದೆ ಒಂದೂ ಹಲ್ಲಿಲ್ಲ. ಜಿಂಕೆಯದೂ ಹಾಗೆಯೇ. ಇದನ್ನು ಮೊದಲ ಸಲ ಕಂಡ ಮಗು ಹಲ್ಲು ಬಿದ್ದುಹೋಗಿದೆ ಎಂದುಕೊಳ್ಳುತ್ತದೆ. ಅಲ್ಲಿರುವ ಗಟ್ಟಿ ದಿಂಡಿಗೆ ಕೆಳಹಲ್ಲು ಒತ್ತಿ ಹುಲ್ಲು ಕೀಳುತ್ತದೆ ಎಂದು ತಿಳಿದ ಮೇಲೆ ಪಕ್ಕದಲ್ಲಿರುವ ಚಿರತೆಯ ಕೋರೆಹಲ್ಲನ್ನು ಬೇರೆಯೇ ಕಣ್ಣಿನಿಂದ ನೋಡುತ್ತದೆ. ದವಡೆಯನ್ನು ಕುದಿಸಬಾರದು, ಕೊಬ್ಬು ಮೂಳೆಯೊಳಗೆ ಇಳಿದು ವರ್ಷಗಟ್ಟಲೆ ಜಿಡ್ಡು, ವಾಸನೆ ಬಿಡುತ್ತದೆ. ಮುಚ್ಚಿದ ಬಕೆಟ್ಟಿನ ತಣ್ಣೀರಲ್ಲಿ ಮಾಂಸ ಕಳಚುವವರೆಗೆ ಬಿಟ್ಟು, ಆಮೇಲೆ ಪಾತ್ರೆ ತೊಳೆಯುವ ದ್ರವ ಬೆರೆಸಿದ ನೀರಲ್ಲಿ ನೆನೆಸಿ, ನೀರು ಕೊಳೆಯಾದಾಗ ಬದಲಿಸುತ್ತ, ಕೊನೆಗೆ 3 ಶೇಕಡಾ ಹೈಡ್ರೋಜನ್ ಪೆರಾಕ್ಸೈಡ್‌ನಲ್ಲಿ ಬಿಳಿಚಿಸಬೇಕು. ಬ್ಲೀಚಿಂಗ್ ಪುಡಿ ಹಾಕಿದರೆ ಮೂಳೆ ಸುಣ್ಣದಂತೆ ಉದುರುತ್ತದೆ. ಗರಿಗೆ ಕೋಳಿಯ ಗರಿಯೇ ಸಾಕು.

ಹೆಜ್ಜೆಗುರುತಿಗೆ ರೆಸಿನ್ ಮುದ್ರೆಗಳು ಬೇಕು, ಚಿರತೆಯದು ಎಂಟು, ನಾಯಿಯದು ಎಂಟು. ತಟ್ಟೆಯಲ್ಲಿ 2 ಸೆಂ.ಮೀ. ದಪ್ಪ ಮರಳು ಹರವಿ ಒದ್ದೆ ಮಾಡಿ. ಮುಷ್ಟಿಯಲ್ಲಿ ಹಿಡಿದು ಬಿಟ್ಟರೆ ಉಂಡೆ ನಿಲ್ಲಬೇಕು, ಕೈಗೆ ನೀರು ಜಿನುಗಬಾರದು. ಎರಡು ಮುದ್ರೆ ಒತ್ತಿದರೆ ವ್ಯತ್ಯಾಸ ತಾನೇ ಕಾಣುತ್ತದೆ. ನಾಯಿಯದು ಉದ್ದುದ್ದ, ಬೆರಳ ಮುಂದೆ ಉಗುರಿನ ಚುಕ್ಕೆ. ಚಿರತೆಯದು ದುಂಡು, ಉಗುರಿಲ್ಲ, ಅಂಗಾಲಿನ ಹಿಂದಂಚು ಮೂರು ಉಬ್ಬಾಗಿರುತ್ತದೆ. ಬನ್ನೇರುಘಟ್ಟದ ಅಂಚಿನ, ತುರಹಳ್ಳಿ ಬದಿಯ ಶಾಲೆಗಳಿಗೆ ಇದು ಬರೀ ಪಾಠವಲ್ಲ, ನಿಜವಾಗಿ ಬೇಕಾದ ತಿಳಿವಳಿಕೆ.

ಒಂದು ಎಚ್ಚರಿಕೆಯನ್ನು ದಪ್ಪಕ್ಷರದಲ್ಲಿ ಓದಿಕೊಳ್ಳಿ. ಸಂಗ್ರಹಾಲಯ, ಕಾಲೇಜುಗಳಲ್ಲಿರುವ ಹಳೆಯ, ಒಣಹುಲ್ಲು ತುಂಬಿದ ಪ್ರಾಣಿ ಪಕ್ಷಿಗಳನ್ನು ಎರವಲು ಕೊಡಲೇಬೇಡಿ. ಹಿಂದೆ ಅವುಗಳ ಚರ್ಮಕ್ಕೆ ಹುಳು ಹಿಡಿಯದಿರಲೆಂದು ಆರ್ಸೆನಿಕ್ ಬೆರೆತ ಸಾಬೂನು ಹಚ್ಚುತ್ತಿದ್ದರು. ಆ ವಿಷ ಇವತ್ತಿಗೂ ಅಲ್ಲೇ ಇದೆ, ಮುಟ್ಟಿದ ಕೈ ಬಾಯಿಗೆ ಹೋಗುತ್ತದೆ. ನುಸಿಗುಳಿಗೆಯನ್ನೂ ಪೆಟ್ಟಿಗೆಗೆ ಹಾಕಬೇಡಿ. ಗರಿ, ಬೀಜ, ಕಾಯಿಗಳಿಗೆ ಹುಳು ಬಂದರೆ ಪಾಲಿಥೀನ್ ಚೀಲದಲ್ಲಿ ಗಾಳಿಯಾಡದಂತೆ ಮುಚ್ಚಿ ಮೈನಸ್ 20 ಡಿಗ್ರಿಯ ಫ್ರೀಜರಿನಲ್ಲಿ ಒಂದು ವಾರ ಇಡಿ. ಹೊರಗೆ ತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬಾರದು, ಬಿಚ್ಚಿದರೆ ತಣ್ಣನೆಯ ವಸ್ತುವಿನ ಮೇಲೆ ಹನಿ ಕಟ್ಟಿ ಬೂಷ್ಟು ಹಿಡಿಯುತ್ತದೆ.

ಕೆರೆಯ ಪೆಟ್ಟಿಗೆ ಎಲ್ಲಕ್ಕಿಂತ ಅಗ್ಗ, ಈ ಊರಿಗೆ ಎಲ್ಲಕ್ಕಿಂತ ಅಗತ್ಯ. ಧರ್ಮಾಂಬುಧಿ ಕೆರೆ ಇದ್ದ ಜಾಗದಲ್ಲಿ ಕೆಂಪೇಗೌಡ ಬಸ್ ನಿಲ್ದಾಣವಿದೆ, ಸಂಪಂಗಿ ಕೆರೆಯ ಜಾಗದಲ್ಲಿ ಕಂಠೀರವ ಕ್ರೀಡಾಂಗಣವಿದೆ. ಕೆರೆ ಹೇಗೆ ಕೆಲಸ ಮಾಡುತ್ತದೆ ಎಂದು ತೋರಿಸಲು 45 ಸೆಂ.ಮೀ. ಉದ್ದದ ಪ್ಲಾಸ್ಟಿಕ್ ಟ್ರೇಯ ಒಂದು ಬದಿಗೆ ಜೇಡಿಮಣ್ಣಿನ ಏರಿ, ಏರಿಯ ಬುಡದಲ್ಲಿ 12 ಮಿ.ಮೀ. ಕೊಳವೆಯ ತೂಬು, ಅದಕ್ಕೆ ಮರದ ಬಿರಟೆ, ಏರಿಯ ನೆತ್ತಿಗಿಂತ ಒಂದೂವರೆ ಸೆಂ.ಮೀ. ಕೆಳಗೆ ಕೋಡಿ. ನಯವಾದ ಕೊಳವೆಯ ಹೊರಮೈ ಹಿಡಿದೇ ನೀರು ಜಿನುಗಿ ಏರಿ ಕುಸಿಯುವುದು ಇಲ್ಲಿನ ಮಾಮೂಲಿ ತೊಂದರೆ. ಕೊಳವೆಗೆ ಎರಡು ಕಡೆ ರಬ್ಬರ್ ಉಂಗುರ ತೊಡಿಸಿ ಮಣ್ಣು ಒತ್ತಿದರೆ ನಿಲ್ಲುತ್ತದೆ. ಮೊದಲು ಕೋಡಿ ತೆರೆದಿಟ್ಟು ಮಗ್ಗಿನಿಂದ ನೀರು ಸುರಿಯಿರಿ, ಹೆಚ್ಚಿನ ನೀರು ತಾನಾಗಿ ಹರಿದುಹೋಗುತ್ತದೆ. ಆಮೇಲೆ ಕೋಡಿಯನ್ನು ಮಣ್ಣಿನಿಂದ ಮುಚ್ಚಿ ಅಷ್ಟೇ ನೀರು ಸುರಿಯಿರಿ. ನೀರು ಏರಿಯ ನೆತ್ತಿ ಹತ್ತಿ, ಒಂದು ಕಡೆ ಸಣ್ಣ ಗೆರೆ ಕೊರೆದು, ನೋಡನೋಡುತ್ತ ಏರಿ ಒಡೆಯುತ್ತದೆ. ರಾಜಕಾಲುವೆ ಒತ್ತುವರಿ, ಮಳೆಗಾಲದ ಪ್ರವಾಹ ಎಂದು ಮಕ್ಕಳು ಸುದ್ದಿಯಲ್ಲಿ ಕೇಳುವುದೆಲ್ಲ ಈ ಟ್ರೇಯಲ್ಲಿದೆ.

ಶಿಕ್ಷಕರ ಕೈಪಿಡಿ ನಾಲ್ಕು ಪುಟ ದಾಟಬಾರದು. ಕನ್ನಡದ ಜೊತೆಗೆ ಉರ್ದು, ತಮಿಳು, ತೆಲುಗು ಮಾಧ್ಯಮದ ಶಾಲೆಗಳಿಗೂ ಪ್ರತಿಗಳಿರಲಿ. ಒಮ್ಮೆಯೂ ಪೆಟ್ಟಿಗೆ ತೆರೆದು ನೋಡದ ಶಿಕ್ಷಕರಿಗೆ ಕೈಪಿಡಿ ಎಷ್ಟು ಚೆನ್ನಾಗಿದ್ದರೂ ಧೈರ್ಯ ಬರುವುದಿಲ್ಲ, ಅದಕ್ಕೆ ಅರ್ಧ ದಿನದ ತರಬೇತಿ ಬೇಕು, ಭಾಷಣವಿಲ್ಲದ್ದು. ಸಾಗಣೆಯನ್ನು ಶಿಕ್ಷಕರ ತಲೆಗೆ ಕಟ್ಟಬೇಡಿ. ಸಂಗ್ರಹಾಲಯದ ವಾಹನ ವಾರಕ್ಕೊಮ್ಮೆ ಆಯಾ ಕ್ಲಸ್ಟರ್ ಸಂಪನ್ಮೂಲ ಕೇಂದ್ರಕ್ಕೆ ಹೋಗಲಿ, ಅಲ್ಲಿಂದ ಶಾಲೆ ಹತ್ತಿರ.

ಶಾಲಾ ಶಿಕ್ಷಣ ಇಲಾಖೆಯಿಂದ ನಮಗೆ ಬೇಕಾದದ್ದು ಒಂದೇ ಸುತ್ತೋಲೆ. ಪೆಟ್ಟಿಗೆಯ ವಸ್ತುಗಳನ್ನು ಡೆಡ್ ಸ್ಟಾಕ್ ರಿಜಿಸ್ಟರಿಗೆ (ಶಾಲೆಯ ಶಾಶ್ವತ ಸಾಮಾನುಗಳ ದಾಖಲೆಗೆ) ಏರಿಸಬಾರದು, ಬಳಸಿ ಸವೆಯುವ ಸಾಮಗ್ರಿ ಎಂದು ಪರಿಗಣಿಸಬೇಕು, ತರಗತಿಯಲ್ಲಿ ಮುರಿದುದಕ್ಕೆ ಶಿಕ್ಷಕರಿಂದ ವಸೂಲಿ ಇಲ್ಲ ಎಂದು ಅದರಲ್ಲಿ ಸ್ಪಷ್ಟವಾಗಿರಬೇಕು. ಈ ಒಂದು ಸಾಲು ಇಲ್ಲದಿದ್ದರೆ ಮುಖ್ಯ ಶಿಕ್ಷಕರು ಪೆಟ್ಟಿಗೆಯನ್ನು ತಮ್ಮ ಬೀರುವಿನಲ್ಲಿಟ್ಟು ಬೀಗ ಹಾಕಿ, ಎರಡು ವಾರದ ಮೇಲೆ ಹಾಗೆಯೇ ಮರಳಿಸುತ್ತಾರೆ. ಅವರನ್ನು ದೂರುವಂತಿಲ್ಲ, ಲೆಕ್ಕಪರಿಶೋಧನೆಗೆ ಉತ್ತರ ಕೊಡಬೇಕಾದವರು ಅವರೇ. ಮುರಿದರೆ ಏನು, ಹೇಗೆ ಎಂದು ಎರಡು ಸಾಲಿನ ಚೀಟಿ ಬರೆದು ಆ ವಸ್ತುವಿನ ಗೂಡಿನಲ್ಲೇ ಇಡಲಿ. ಒಂದೇ ವಸ್ತುವಿಗೆ ಮೂರು ಶಾಲೆಗಳಿಂದ ಚೀಟಿ ಬಂದರೆ ತಪ್ಪು ಮಕ್ಕಳದಲ್ಲ, ವಸ್ತುವಿನ ರಚನೆಯದು, ಅದನ್ನು ಬೇರೆ ರೀತಿ ಮಾಡಿಸಬೇಕು.

ಸಂಗ್ರಹಾಲಯದ ಮೇಜಿನ ಮೇಲೆ ನಡೆಯಬೇಕಾದದ್ದು ಹೀಗೆ. ಮೊದಲು ಕೆಂಪು ಕಾಣುವ ಗೂಡು, ಆಮೇಲೆ ಚೀಟಿಗಳು. ಮೃದು ಬ್ರಷ್ಷಿನಿಂದ ಧೂಳು, ಸೋಪು ನೀರಲ್ಲಿ ಹಿಂಡಿದ ಬಟ್ಟೆಯಿಂದ ಒರೆಸುವುದು. ಅಕ್ರಿಲಿಕ್ ಮಸೂರಕ್ಕೆ ಸ್ಪಿರಿಟ್ ತಾಗಿಸಿದರೆ ಕೂದಲೆಳೆಯಂಥ ಬಿರುಕು ಬಿಟ್ಟು ಮಬ್ಬಾಗುತ್ತದೆ. ಮುರಿದ ಅಂಚಿಗೆ ಎಪಾಕ್ಸಿ ಮುದ್ದೆ, ಒಣಗಿದ ಮೇಲೆ ಬಣ್ಣ. ಕ್ರೇಯಾನ್, ಕಾಗದ, ಜೇಡಿಮಣ್ಣು ತುಂಬಿಸುವುದು. ತೇವ ಹೀರಲು ಕಿತ್ತಳೆ ಬಣ್ಣದ ಸಿಲಿಕಾ ಜೆಲ್ ಬಳಸಿ, ಹಸಿರಾದಾಗ ಒಲೆಯಲ್ಲಿ 120 ಡಿಗ್ರಿಗೆ ಎರಡು ಗಂಟೆ ಕಾಯಿಸಿ ಮತ್ತೆ ಹಾಕಬಹುದು. ನೀಲಿ ಬಗೆಯದರಲ್ಲಿ ಕೋಬಾಲ್ಟ್ ಇರುವುದರಿಂದ ಮಕ್ಕಳ ಪೆಟ್ಟಿಗೆಗೆ ಅದು ತಕ್ಕದ್ದಲ್ಲ. ಪೆಟ್ಟಿಗೆ ತಯಾರಿಕೆಯ ವೆಚ್ಚದ ಐದನೇ ಒಂದು ಭಾಗವನ್ನಾದರೂ ಪ್ರತಿ ವರ್ಷ ಈ ಮೇಜಿಗೆಂದು ತೆಗೆದಿಡಬೇಕು.

ಮೂರೂ ಇಲಾಖೆಗಳು ಒಟ್ಟಿಗೆ ಕುಳಿತು, ಮುಂದಿನ ಶೈಕ್ಷಣಿಕ ವರ್ಷಕ್ಕೆ 10 ಪೆಟ್ಟಿಗೆಗಳಿಂದ ಶುರುಮಾಡಿ. ಶಾಸನದ್ದು ನಾಲ್ಕು, ಕಾಡಿನದು ಮೂರು, ಕೆರೆಯದು ಮೂರು. ಮಾರ್ಚ್ ಒಳಗೆ ಅನುಮತಿ ಪತ್ರ, ವಸೂಲಿ ಇಲ್ಲವೆಂಬ ಸುತ್ತೋಲೆ, ತಪಾಸಣೆಯ ನೌಕರರ ನಿಯೋಜನೆ ಈ ಮೂರೂ ಹೊರಬಿದ್ದರೆ ಏಪ್ರಿಲ್, ಮೇ ತಿಂಗಳಲ್ಲಿ ಪೆಟ್ಟಿಗೆಗಳನ್ನು ಮಾಡಿಸಿ ಜೂನ್ ಮೂರನೇ ವಾರ ಮೊದಲ ಸುತ್ತು ಕಳಿಸಬಹುದು. ಗೂಡುಗಳ ನಕ್ಷೆ, ವಸ್ತುಗಳ ಪಟ್ಟಿ, ನಾಲ್ಕು ಪುಟದ ಕೈಪಿಡಿಯ ಕರಡು ಇವನ್ನು ಸಿದ್ಧಪಡಿಸಿಕೊಡಲು, ತರಬೇತಿಗೆ ಬಂದು ನಿಲ್ಲಲು ನಾವು ತಯಾರಿದ್ದೇವೆ. ಸಭೆಯ ದಿನಾಂಕ ತಿಳಿಸಿ.

ಇಂತಿ ತಮ್ಮ ವಿಶ್ವಾಸಿಗಳು,
ಬೆಂಗಳೂರಿನ ಶಾಲಾ ಶಿಕ್ಷಕರು ಮತ್ತು ಸಂಗ್ರಹಾಲಯ ಶಿಕ್ಷಣದಲ್ಲಿ ದುಡಿಯುವವರು